ಸಹದೇವಿಯ ಮೇಲಿನ ದೂರು

ದೀಪಾವಳಿ ಇನ್ನೂ ಒಂದೆರಡು ವಾರ ದೂರವಿತ್ತು. ಬೆಳಿಗ್ಗೆ ದನದ ದವಾಖಾನೆಯ ಬೀಗ ತೆಗೆಯುತ್ತಿದ್ದಾಗಲೇ ಊರಿನ ಜಗಳ-ತಂಟೆ ನೋಡಿಕೊಳ್ಳುವ ಪೊಲೀಸ್ ಪಾಟೀಲರ ಫೋನು ಬಂತು.

"ಡಾಕ್ಟರಬಾಯಿ, ಲಗೂನ ಬರ್ರಿ. ವಸ್ತಿ ಹಿಂದಿನ ಮಡ್ಡಿ ಮ್ಯಾಲ ಆಡು ಬಿದ್ದಾವು. ಒಂದಲ್ಲ ಎರಡಲ್ಲ. ಮಂದಿ ಭಾಳ ಕೂಡೈತಿ. ಬಡಿದಾಟ ಆಗೂಕಿಂತ ಮೊದಲ ಬರ್ರಿ."

ಮಹಾರಾಷ್ಟ್ರದ ಗಡಿಯೊಳಗಿನ ಜತ್ತ ತಾಲೂಕಿಗೆ ಪಶುವೈದ್ಯೆಯಾಗಿ ಬಂದ ಮೇಲೆ ಇಂಥ ಫೋನುಗಳಿಗೆ ನಾನು ಒಗ್ಗಿಕೊಂಡಿದ್ದೆ. ಆದರೆ ಬಡಿದಾಟದ ಮಾತು ಹೊಸದು. ಔಷಧಿ ಚೀಲ, ಐಸ್ ಡಬ್ಬಿ, ಶವಪರೀಕ್ಷೆಯ ಸಾಮಾನು ತೆಗೆದುಕೊಂಡು ಸಹಾಯಕನ ಬೈಕಿನ ಹಿಂದೆ ಕೂತೆ.

ಬೆಳುಂಕಿಯ ಕಡೆ ಹೋಗುವ ರಸ್ತೆಯಿಂದ ಒಳಗೆ ಹೊರಳಿದರೆ ಕೂಲಿಕಾರರ ಒಂದು ಚಿಕ್ಕ ವಸ್ತಿ. ಅದರ ಬೆನ್ನಿಗೆ ಮಡ್ಡಿ, ಅಂದರೆ ಗರಸು ಕಲ್ಲಿನ ಏರು ನೆಲ. ಮಡ್ಡಿಯ ಆಚೆ ಬದಿಗೆ ತಂತಿಬೇಲಿ, ಬೇಲಿಯೊಳಗೆ ದಾಳಿಂಬೆ ತೋಟ. ಆ ಸಲ ಹಿಂಗಾರಿ ಮಳೆ ಚೆನ್ನಾಗಿ ಹಿಡಿದಿತ್ತು. ಮಡ್ಡಿಯ ತುಂಬ ಮೊಳಕಾಲುದ್ದದ ಗಿಡಗಳೆದ್ದು, ಅವುಗಳ ತುದಿಗೆ ಅಂಗಿಯ ಗುಂಡಿಗಿಂತ ಸಣ್ಣ ನೇರಳೆ ಹೂಗಳು ಅರಳಿದ್ದವು. ಆ ಹೂಗಳ ನಡುವೆಯೇ ಆಡುಗಳು ಕಾಲು ಚಾಚಿ ಬಿದ್ದಿದ್ದವು.

ಎರಡಕ್ಕೆ ಮಾತ್ರ ಜೀವವಿತ್ತು. ಬಾಯಿಂದ ನೊರೆ, ಮೈತುಂಬ ನಡುಕ. ಆಡಿನ ಕಣ್ಣ ಪಾಪೆ ಅಡ್ಡ ಪಟ್ಟಿಯಂತೆ ಅಗಲವಾಗಿರುತ್ತದೆ. ಇವುಗಳಲ್ಲಿ ಅದು ದಾರದ ಎಳೆಯಷ್ಟು ತೆಳ್ಳಗಾಗಿತ್ತು. ಅದನ್ನು ಕಂಡು ನನಗೆ ಕೀಟನಾಶಕದ ಅನುಮಾನ ಬಂತು. ಎರಡಕ್ಕೂ ಆ ವಿಷಕ್ಕೆ ಕೊಡುವ ಅಟ್ರೋಪಿನ್ ಚುಚ್ಚಿದೆ. ಒಂದು ನೋಡನೋಡುತ್ತಲೇ ಹೋಯಿತು. ಇನ್ನೊಂದು, ಕಂದು ಬಣ್ಣದ ಎಳೆಯ ಹೆಣ್ಣಾಡು, ಸ್ವಲ್ಪ ಹೊತ್ತಿಗೆ ನೊರೆ ನಿಲ್ಲಿಸಿ ಉಸಿರು ಸರಿಯಾಗಿ ಎಳೆಯತೊಡಗಿತು. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳೇ ಆಡುಗಳ ಒಡತಿ. ಬೇಲಿಯಾಚೆಯ ಅದೇ ತೋಟದಲ್ಲಿ ಕೂಲಿಗೆ ಹೋಗುವವಳು.

"ಮುಂಜಾನೆ ಜಿಗದಾಡಕೋತ ಬಂದಾವ್ರಿ ಬಾಯಾರ," ಎಂದಳು.

ಉಳಿದ ಮಾತನ್ನೆಲ್ಲ ಅವಳ ಗಂಡ ಆಡುತ್ತಿದ್ದ. "ಸಾವಕಾರ ಎಣ್ಣಿ ಹೊಡಿಸ್ಯಾನ್ರಿ! ಹೋದ ತಿಂಗಳ ಆಡು ಬೇಲಿ ದಾಟಿ ಒಳಗ ಹೋಗಿದ್ದೂ, ಆ ಸಿಟ್ಟು ತೀರಿಸಿಕೊಂಡಾನ!" ಈ ಕಡೆ ತೋಟಕ್ಕೆ ಹೊಡೆಯುವ ಕೀಟನಾಶಕಕ್ಕೆ ಎಣ್ಣಿ ಎಂದೇ ಹೆಸರು. ವಸ್ತಿಯ ಗಂಡಸರು ಅವನ ಸುತ್ತ ನಿಂತಿದ್ದರು. ಇಬ್ಬರ ಕೈಯಲ್ಲಿ ಕಟ್ಟಿಗೆಯಿತ್ತು.

ತೋಟದ ಸಾಹುಕಾರರು ಬೇಲಿಯ ಹತ್ತಿರ ನಿಂತಿದ್ದರು. ಅರವತ್ತು ದಾಟಿದವರು, ಹಣೆಯಲ್ಲಿ ವಿಭೂತಿ. ಪಕ್ಕದಲ್ಲಿ ಅವರ ತಮ್ಮನ ಮಗ ಮೊಬೈಲ್ ಹಿಡಿದು ನಿಂತಿದ್ದ.

"ಗುಡ್ಡಾಪುರದ ದಾನಮ್ಮನ ಆಣಿ, ನಾ ಏನೂ ಹೊಡಿಸಿಲ್ರಿ," ಎಂದರು ಸಾಹುಕಾರರು. "ಈ ಹೂವು ನೋಡ್ರಿ. ಇದು ಪರದೇಶದ ಕಸ ಐತಂತ. ದನಾ ತಿಂದ್ರ ಸಾಯತಾವಂತ. ಹುಡುಗ ಮೊಬೈಲ್‌ನ್ಯಾಗ ತಗದಾನ."

ತಮ್ಮನ ಮಗ ಬೇಲಿಯ ಬುಡದಿಂದ ಒಂದು ಹಿಡಿ ಗಿಡ ಕಿತ್ತು ನನ್ನ ಕೈಗೆ ಕೊಟ್ಟ. ನಾನು ಅದನ್ನು ಚೀಲದಲ್ಲಿಟ್ಟು ಶವಪರೀಕ್ಷೆಗೆ ಕೂತೆ. ಎಲ್ಲರೂ ಸುತ್ತ ನೆರೆದರು. ಮೊದಲ ಆಡಿನ ಮೆಲುಕಿನ ದೊಡ್ಡ ಹೊಟ್ಟೆಯನ್ನು ಸೀಳಿದಾಗ ಹಸಿರು ಮುದ್ದೆಯ ನಡುವೆ ನೇರಳೆ ಬಣ್ಣ ಎದ್ದು ಕಂಡಿತು. ಇನ್ನೂ ಅರೆಯದ ಹೂಗಳು. ಎರಡನೆಯದರಲ್ಲೂ ಅದೇ.

"ನೋಡ್ರಿ, ನಾ ಏನ್ ಹೇಳಿದ್ದೆ?" ಎಂದರು ಸಾಹುಕಾರರು. ಗಂಡಸರ ಗುಂಪಿನಲ್ಲಿ ಗದ್ದಲ ಒಮ್ಮೆಲೇ ತಗ್ಗಿತು. ಕಣ್ಣಿಂದ ಕಂಡದ್ದನ್ನು ಯಾರು ಅಲ್ಲ ಅನ್ನಬೇಕು?

ನಾನೂ ಅನ್ನಲಾರದವಳಾಗಿದ್ದೆ. ಪಾಪೆ ಸಣ್ಣಗಾದದ್ದು, ಅಟ್ರೋಪಿನ್‌ಗೆ ಒಂದು ಆಡು ಚೇತರಿಸಿದ್ದು ನನ್ನ ಅನುಮಾನಕ್ಕೆ ಸಾಕು, ಪಂಚನಾಮೆಗೆ ಸಾಲದು. ಹೊಟ್ಟೆಯೊಳಗಿನದು, ಯಕೃತ್ತು, ಮೂತ್ರಪಿಂಡ ಎಲ್ಲದರ ತುಂಡು ಬೇರೆ ಬೇರೆ ಬಾಟಲಿಗೆ ಹಾಕಿ, ಮೊಹರು ಹಚ್ಚಿ ಐಸಿನಲ್ಲಿಟ್ಟೆ. ಪ್ರಯೋಗಾಲಯದಿಂದ ಉತ್ತರ ಬರಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ವಸ್ತಿ ಸುಮ್ಮನಿರುವ ಹಾಗೆ ಕಾಣುತ್ತಿರಲಿಲ್ಲ. ಅದಕ್ಕೆ ಎರಡೂ ಆಡಿನ ಹೊಟ್ಟೆಯೊಳಗಿನ ಮುದ್ದೆಯನ್ನು ಬೇರೆ ಬೇರೆ ಬಾಟಲಿಯಲ್ಲಿ ನನಗಾಗಿಯೂ ತೆಗೆದುಕೊಂಡೆ. ಮಡ್ಡಿಯ ಮೇಲೆ ಅಡ್ಡಾಡಿ ಬೇರು ಸಮೇತ ಒಂದಷ್ಟು ಗಿಡ ಕಿತ್ತೆ. ಬದುಕಿದ ಆಡನ್ನು ಆರೈಕೆಗೆಂದು ದವಾಖಾನೆಗೆ ತಂದೆವು.

ಮಧ್ಯಾಹ್ನ ಎರಡೂ ಕಟ್ಟು ಗಿಡಗಳನ್ನು ಮೇಜಿನ ಮೇಲೆ ಹರವಿದಾಗ ತಲೆಬೇನೆ ಶುರುವಾಯಿತು. ಹೂವಿನ ಬಣ್ಣ ಹೆಚ್ಚುಕಡಿಮೆ ಒಂದೇ. ಎರಡೂ ಸೇವಂತಿಗೆಯ ಕುಟುಂಬದವು ಎಂಬುದೂ ಸ್ಪಷ್ಟ, ಏಕೆಂದರೆ ಒಂದು ಹೂವೆಂದು ಕಾಣುವುದು ನಿಜಕ್ಕೂ ಹತ್ತಾರು ಪುಟ್ಟ ಹೂಗಳ ಗೊಂಚಲು. ಆದರೆ ನಾನು ಕಿತ್ತ ಗಿಡದಲ್ಲಿ ಎಲೆಗಳು ಕಾಂಡದ ಮೇಲೆ ಒಂದಾದ ಮೇಲೊಂದು, ಒಂದು ಈ ಬದಿ, ಒಂದು ಆ ಬದಿ. ತಮ್ಮನ ಮಗ ಕೊಟ್ಟದ್ದರಲ್ಲಿ ಎಲೆಗಳು ಜೋಡಿಜೋಡಿಯಾಗಿ ಎದುರುಬದುರು. ತಿಕ್ಕಿದರೆ ಗಬ್ಬು ವಾಸನೆ. ಮೊಬೈಲಿನ ಆ್ಯಪಿಗೆ ಹೂವಿನ ಫೋಟೊ ಮಾತ್ರ ತೋರಿಸಿದರೆ ಒಮ್ಮೆ ಒಂದು ಹೆಸರು, ಮತ್ತೊಮ್ಮೆ ಇನ್ನೊಂದು.

ಅಂದರೆ ಅಲ್ಲಿ ಎರಡು ಗಿಡಗಳಿದ್ದವು. ಒಂದು ಮಡ್ಡಿಯದು, ಇನ್ನೊಂದು ಬೇಲಿಯ ಬುಡದಲ್ಲಿ, ಹನಿ ನೀರಿನ ಪೈಪು ಸೋರುವ ಕಡೆ ಬೆಳೆದದ್ದು. ಹುಡುಗ ಸುಳ್ಳು ಹೇಳಿರಲಿಲ್ಲ. ಎರಡನೆಯದು ಹೊರದೇಶದಿಂದ ಬಂದ ಕಳೆಯೇ, ಜಾನುವಾರಿಗೆ ಕೆಡುಕು ಎಂದು ನನ್ನ ಹಳೆಯ ಪಠ್ಯಪುಸ್ತಕದಲ್ಲೂ ಇತ್ತು. ಈಗ ಪ್ರಶ್ನೆ ಒಂದೇ: ಆಡಿನ ಹೊಟ್ಟೆಯಲ್ಲಿದ್ದದ್ದು ಯಾವುದು? ಅರ್ಧ ಅರೆದ ಮುದ್ದೆಯಲ್ಲಿ ಎಲೆಯ ಜೋಡಣೆ ಎಲ್ಲಿ ಸಿಗಬೇಕು?

ಮರುದಿನ ಬಾಟಲಿಗಳನ್ನು ಹಿಡಿದು ಜತ್ತದ ಕಾಲೇಜಿಗೆ ಹೋದೆ. ಅಲ್ಲಿ ಸಸ್ಯಶಾಸ್ತ್ರ ಕಲಿಸುವ ಮೇಡಂ ನನ್ನ ಮುಖ ನೋಡುವ ಮೊದಲು ಬಾಟಲಿ ನೋಡಿ ಮೂಗು ಮುಚ್ಚಿಕೊಂಡರು. ವಿಷಯ ಕೇಳಿದ ಮೇಲೆ ಸೆರಗು ಸಿಕ್ಕಿಸಿ ಕೂತರು.

ಚಹಾ ಸೋಸುವ ಜಾಲರಿಯಲ್ಲಿ ಮುದ್ದೆಯನ್ನು ಸ್ವಲ್ಪಸ್ವಲ್ಪವೇ ಹಾಕಿ ನಲ್ಲಿಯ ಕೆಳಗೆ ತೊಳೆದೆವು. ಉಳಿದದ್ದನ್ನು ಬಿಳಿ ತಟ್ಟೆಯಲ್ಲಿ ಹರವಿ, ನೇರಳೆ ಚೂರುಗಳನ್ನು ಸೂಜಿಯಿಂದ ಎತ್ತಿ ಬೇರೆ ಮಾಡಿದೆವು. ಗೊಂಚಲು ಬಿಡಿಸಿದರೆ ಒಳಗಿನ ಒಂದೊಂದು ಹೂವಿನ ಬುಡಕ್ಕೂ ಒಂದು ಎಳೆಯ ಬೀಜ.

"ಬೀಜದ ನೆತ್ತಿ ನೋಡ್ರಿ," ಎಂದರು ಮೇಡಂ. "ಪರದೇಶದ್ದಾದ್ರ ಅಲ್ಲಿ ಐದು ಚೂಪು ಹೊಪ್ಪಳಿ, ಅಂದ್ರ ತೆಳು ಚಕ್ಕಿ ಇರಬೇಕು, ಕಿರೀಟದ ಹಂಗ. ನಮ್ಮ ಮಡ್ಡಿದ್ದಾದ್ರ ಬಿಳಿ ಕೂದಲಾ."

ಮೊದಲ ಬೀಜ ಸೂಕ್ಷ್ಮದರ್ಶಕದ ಕೆಳಗೆ ಹೋಯಿತು. ಬಿಳಿ ಕೂದಲು. ಒಳಗೆ ಉದ್ದನೆಯದು ಒಂದು ಸುತ್ತು, ಹೊರಗೆ ಗಿಡ್ಡನೆಯದು ಇನ್ನೊಂದು ಸುತ್ತು. ಎರಡನೆಯ ಬೀಜವೂ ಹಾಗೇ. ಒಂದೇ ಆಡಿನ ಮುದ್ದೆ ನೋಡಿ ತೀರ್ಮಾನಿಸುವುದು ಬೇಡವೆಂದು ಎರಡನೆಯ ಆಡಿನದನ್ನೂ ತೊಳೆದೆವು. ಅದರಲ್ಲೊಂದು ಐದು ಹೊಪ್ಪಳಿಯ ಬೀಜ ಸಿಕ್ಕಿತು. ಮತ್ತೆ ಹುಡುಕಿದೆವು, ಅಂಥದ್ದು ಬೇರೊಂದು ಸಿಗಲಿಲ್ಲ. ಮಿಕ್ಕದ್ದೆಲ್ಲ ಬಿಳಿ ಕೂದಲಿನದೇ.

"ಇದು ಸಹದೇವಿರಿ," ಎಂದರು ಮೇಡಂ. "ಇಲ್ಲಿದೇ ಗಿಡ. ಮಳಿ ಹೋಗಿ ಬಿಸಲ ಬಿತ್ತಂದ್ರ ಮಡ್ಡಿ ಎಲ್ಲಾ ಇದೇ. ಜ್ವರಕ್ಕ ಕಷಾಯ ಮಾಡಿ ಕುಡಿತಾರ. ಆಡು ದಿನಾ ತಿಂತಾವು. ಆ ಪರದೇಶದ್ದು ಯಕೃತ್ತು ಕೆಡಸ್ತೈತಿ ಖರೆ, ಆದ್ರ ತಿಂಗಳಗಟ್ಟಲೆ ತಿಂದ್ರ. ಒಂದು ಹೊತ್ತಿನ್ಯಾಗ ಕೊಲ್ಲಾಂಗಿಲ್ಲ." ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ನಾ ಹೂವಿನ ಹೆಸರು ಹೇಳಬಲ್ಲೆ, ಡಾಕ್ಟರ್. ಆಡು ಯಾಕ ಸತ್ತೂ ಅಂತ ನೀವ ಹುಡುಕಬೇಕು," ಎಂದರು.

ಹೆಸರು ಸಿಕ್ಕ ಸಮಾಧಾನ ಊರು ಮುಟ್ಟುವವರೆಗೂ ಉಳಿಯಲಿಲ್ಲ. ಹೂವು ನಿರಪರಾಧಿ ಎಂದರೆ ಸಾಹುಕಾರರು ಅಪರಾಧಿ ಎಂದೇ ವಸ್ತಿ ಅರ್ಥಮಾಡಿಕೊಳ್ಳುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಮಡ್ಡಿಯ ಮೇಲಿನ ನೇರಳೆ ಹೂವಿಗೆಲ್ಲ ಕಳೆನಾಶಕ ಹೊಡೆಯಲು ಪಂಚಾಯ್ತಿಯಲ್ಲಿ ಮಾತಾಗಿದೆಯಂತೆ. ವಸ್ತಿಯ ಉಳಿದ ಮನೆಗಳ ಆಡುಗಳಿಗೆ ಮೇಯಲು ಇದ್ದದ್ದು ಅದೊಂದೇ ಜಾಗ.

ಸಾಹುಕಾರರು ದವಾಖಾನೆಗೆ ಬಂದು ಕೂತರು. ದನಿ ಏರಿಸಲಿಲ್ಲ. "ವಿಷದ ಗಿಡ ತಿಂದು ಸತ್ತೂ ಅಂತ ಬರದುಬಿಡ್ರಿ, ಬಾಯಾರ. ಆ ಹೆಣಮಗಳಿಗೆ ನಾ ಬ್ಯಾರೆ ಆಡು ಕೊಡಿಸ್ತೀನಿ. ಎಣ್ಣಿ ಅಂತ ಬರದ್ರ ಪೊಲೀಸ್ರು ನನ್ನ ಬಾಗಲಿಗೆ ಬರತಾರ. ಈ ವಯಸ್ಸಿನ್ಯಾಗ ನನಗದು ಬ್ಯಾಡ್ರಿ."

"ಹೂವು ಅಲ್ರಿ ಅದು. ನೋಡಿ ಬಂದೀನಿ."

"ಹಂಗಾದ್ರ ನಾನ ಕೊಂದೀನಿ ಅಂತೀರೇನು?"

"ಅದನ್ನೂ ಅನ್ನಾಂಗಿಲ್ಲ. ಇನ್ನೂ ನೋಡಬೇಕು."

ನೋಡಲೆಂದೇ ಮಾರನೆಯ ಬೆಳಿಗ್ಗೆ ಮಡ್ಡಿಗೆ ಹೋದೆ. ಬೇಲಿಯುದ್ದಕ್ಕೂ ಬಾಗಿ ಬಾಗಿ ನಡೆದೆ. ಹೂಗಳ ಮೇಲೆ ಜೇನುಹುಳ ಕೂತಿದ್ದವು. ಮಿಡತೆ ಜಿಗಿಯುತ್ತಿದ್ದವು, ಕಲ್ಲಿನ ಸಂದಿಯಲ್ಲಿ ಇರುವೆ ಸಾಲು. ಆಡು ಕೊಲ್ಲುವಷ್ಟು ಕೀಟನಾಶಕ ಇಲ್ಲಿ ಬಿದ್ದಿದ್ದರೆ ಕೆಲವೇ ದಿನಗಳಲ್ಲಿ ಇಷ್ಟೊಂದು ಹುಳ ಇರುತ್ತಿರಲಿಲ್ಲ. ಎಲೆಗಳ ಮೇಲೆ ಕಲೆಯಿಲ್ಲ, ವಾಸನೆಯಿಲ್ಲ. ಸಾಹುಕಾರರು ದಾನಮ್ಮನ ಮೇಲೆ ಇಟ್ಟ ಆಣೆ ಖರೆಯೇ ಇತ್ತು. ಹೂವಲ್ಲ, ಹೊಡೆದ ಎಣ್ಣಿಯೂ ಅಲ್ಲ. ಹಾಗಾದರೆ ಏನು? ಆ ಕಲ್ಲುನೆಲದಲ್ಲಿ ನಿಂತಾಗ ನನ್ನ ಓದೆಲ್ಲ ಮುಗಿದುಹೋದಂತೆ ಅನಿಸಿತು.

ಅಂದು ಮಧ್ಯಾಹ್ನ ಬದುಕಿದ ಆಡನ್ನು ಅದರ ಮನೆಗೆ ಬಿಡುವುದಿತ್ತು. ಅದು ಮೇವು ತಿನ್ನುತ್ತಿತ್ತು, ಒದೆಯುತ್ತಲೂ ಇತ್ತು. ವಸ್ತಿಯಲ್ಲಿ ಟೆಂಪೊ ನಿಂತಾಗ ಒಡತಿ ಓಡಿ ಬಂದಳು. ಆಡಿನ ಕುತ್ತಿಗೆಗೆ ಕೈಹಾಕಿ ಮುಖವನ್ನು ಅದರ ಬೆನ್ನಿಗೊತ್ತಿ ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ, "ಒಳಗ ಬರ್ರಿ ಬಾಯಾರ, ಕುಂದ್ರಿ, ಚಾ ಮಾಡತೀನಿ," ಎಂದಳು. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಚಾಪೆ ಹಾಸಿದಳು. ನಾನು ಕೂರುವುದರೊಳಗೆ, "ಬಿಸಲಾಗ ಬಂದೈತಿ, ಮೊದಲ ಇದಕ್ಕ ನೀರು ಇಡತೀನ್ರಿ," ಎನ್ನುತ್ತ ಹಿತ್ತಿಲಿಗೆ ಹೋದಳು.

ಕೊಡದಿಂದ ನೀರು ಸುರಿಯುವ ಸದ್ದು ಕೇಳಿ ನಾನೂ ಹಿಂದೆ ಹೋದೆ. ಅವಳು ನೀರು ಸುರಿಯುತ್ತಿದ್ದದ್ದು ಉದ್ದಕ್ಕೆ ಸೀಳಿದ ನೀಲಿ ಪ್ಲಾಸ್ಟಿಕ್ ಕ್ಯಾನಿಗೆ. ಆಡು ಬಾಯಿ ಬಗ್ಗಿಸಿತ್ತು. ನಾನು ಓಡಿ ಕಾಲಿನಿಂದ ಕ್ಯಾನನ್ನು ಒದ್ದೆ. ನೀರೆಲ್ಲ ಚೆಲ್ಲಿ ಅವಳ ಸೀರೆ ತೊಯ್ದಿತು.

"ಏನಾತ್ರಿ?" ಎಂದು ಅವಳು ಹೆದರಿ ಹಿಂದೆ ಸರಿದಳು.

ಕ್ಯಾನನ್ನು ಬಿಸಿಲಿಗೆ ತಿರುವಿ ನೋಡಿದೆ. ಹಿಡಿಕೆಯ ಒಳಮೂಲೆಯಲ್ಲಿ, ಕೈ ಹೋಗದ ಸಂದಿಯಲ್ಲಿ, ಬೆಲ್ಲದ ಪಾಕದಂಥ ಕಂದು ಅಂಟು. ಮೂಗು ಹತ್ತಿರ ತಂದರೆ ಸಾಕು, ಗಂಟಲು ಹಿಡಿಯುವ ಎಣ್ಣಿಯ ವಾಸನೆ.

"ಇದು ಎಲ್ಲಿಂದ ಬಂತಕ್ಕಾ?"

"ನಮ್ಮನಿಯವರು ತಂದಿದ್ರು. ತೋಟದಾಗ ಖಾಲಿ ಬಿದ್ದಿತ್ತಂತ. ಆಡಿಗಿ ನೀರಿಡೂ ಹಳೀ ಡೋಣಿ ಒಡದಿತ್ತು." ಅವಳ ದನಿ ನಿಧಾನವಾಯಿತು. "ಆವತ್ತ ಮುಂಜಾನೆ ಮೊದಲನೇ ಸಲ ನೀರು ಹಾಕಿದ್ದೆ. ನಾನ ತೊಳದೀನಲ್ರಿ. ಎರಡು ಸಲ ತೊಳದೀನಿ, ಸಾಬಾಣ ಹಚ್ಚಿ ತಿಕ್ಕೀನಿ. ನಾನ..."

ಅವಳು ತನ್ನೆರಡೂ ಅಂಗೈ ನೋಡಿಕೊಂಡಳು. ನಾನು ಅವಳನ್ನು ಕೂರಿಸಿ, ಕೈ ಸಾಬೂನಿನಿಂದ ತೊಳೆಸಿದೆ. ಆಗ ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಗಂಡ ಕೆಲಸದಿಂದ ಬಂದವನು ಕ್ಯಾನು ಅಂಗಳದಲ್ಲಿ ಬಿದ್ದದ್ದು ನೋಡಿ, ನನ್ನ ಮುಖ ನೋಡಿ, ಗೋಡೆಗೊರಗಿ ಕುಳಿತುಬಿಟ್ಟ. ಸಾಹುಕಾರರನ್ನು ಊರೆಲ್ಲ ಕೇಳುವಂತೆ ಬೈದವನು ಅವನೇ. ಅವಳೇ ಮಾತಾಡಿದಳು.

"ಹೂವು ಅಂತನ ಬರೀರಿ, ಬಾಯಾರ. ನಿಮ್ಮ ಕಾಲು ಬೀಳತೀನಿ. ಇದು ಗೊತ್ತಾದ್ರ ಇವರಿಗೆ ಊರಾಗ ಮಾರಿ ಇರಾಂಗಿಲ್ಲ. ಕ್ಯಾನು ಕದ್ದಾನ ಅಂತಾರ. ನನಗ ನಾಳೆ ಕೂಲಿಗಿ ಯಾರು ಕರೀತಾರ?"

ಆ ಸಂಜೆ ಪೊಲೀಸ್ ಪಾಟೀಲರು ಫೋನಿನಲ್ಲಿ ನಕ್ಕರು. "ಈಗ ಎರಡೂ ಕಡೆಯವರು ಹೂವು ಅಂತ ಒಪ್ಪ್ಯಾರ. ಬಡಿದಾಟ ಇಲ್ಲ, ಕೇಸ್ ಇಲ್ಲ. ನಿಮಗೇನ್ರಿ ತ್ರಾಸ?"

ತ್ರಾಸು ಇತ್ತು. ವಸ್ತಿಯಿಂದ ಹೊರಡುವ ಮೊದಲು ನಾನು ಅಕ್ಕಪಕ್ಕದ ಮನೆಗಳ ಅಂಗಳ ನೋಡಿದ್ದೆ. ಅಂಥವೇ ನೀಲಿ ಕ್ಯಾನುಗಳು. ಒಂದರಲ್ಲಿ ಕೋಳಿಗೆ ನೀರು, ಒಂದರಲ್ಲಿ ಬಟ್ಟೆ ನೆನೆಹಾಕಿದ್ದರು. ಇನ್ನೊಂದು ಮನೆಯಲ್ಲಿ ಬಾಯಿಗೆ ಅರಿವೆ ಕಟ್ಟಿ ಕುಡಿಯುವ ನೀರು ತುಂಬಿಟ್ಟಿದ್ದರು. ನಾನು ಹೂವೆಂದು ಬರೆದರೆ ಮಡ್ಡಿಗೆ ಕಳೆನಾಶಕ ಬೀಳುತ್ತದೆ, ಕ್ಯಾನುಗಳು ಇದ್ದಲ್ಲೇ ಇರುತ್ತವೆ. ಮುಂದಿನ ಸಲ ಫೋನು ದನದ ದವಾಖಾನೆಗೆ ಬರಬೇಕೆಂದೇನೂ ಇಲ್ಲ.

ಆದರೂ ವರದಿ ಬರೆಯಲು ಕೂತಾಗ ಕೈ ಏಳಲಿಲ್ಲ. ಒಂದು ಸುಳ್ಳು ಎಲ್ಲರನ್ನೂ ಉಳಿಸುವಂತೆ ಕಾಣುತ್ತಿತ್ತು, ಒಂದು ನಿಜ ಆಗಲೇ ಎಲ್ಲ ಕಳೆದುಕೊಂಡವಳ ಮೇಲೆಯೇ ಬೀಳುವುದಿತ್ತು. ಕೊನೆಗೆ ಮರಾಠಿಯಲ್ಲಿ, ಇಲಾಖೆಯ ಭಾಷೆಯಲ್ಲಿ ಬರೆದೆ: ಹೊಟ್ಟೆಯಲ್ಲಿ ಸಿಕ್ಕ ಹೂವು ಸಹದೇವಿ, ಸ್ಥಳೀಯ ಸಸ್ಯ, ಸಾವಿಗೆ ಕಾರಣವಲ್ಲ. ಕುಡಿಯುವ ನೀರಿನ ಪಾತ್ರೆಯಿಂದ ಕೀಟನಾಶಕ ಸೇರಿದ ಅನುಮಾನ. ಮೇವಿನ ಮೇಲೆ ಸಿಂಪಡಿಸಿದ ಗುರುತಿಲ್ಲ. ಪಾತ್ರೆಯನ್ನು ಯಾರು ತಂದರು ಎಂದು ಬರೆಯಲಿಲ್ಲ. ಅದು ನನ್ನ ಪರೀಕ್ಷೆಯ ವಿಷಯವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಕಳಿಸುವ ಮೊದಲು ವಸ್ತಿಗೆ ಹೋಗಿ, ಸಾಹುಕಾರರನ್ನೂ ಕರೆಸಿ, ಸಮಾಜಮಂದಿರದ ಕಟ್ಟೆಯ ಮೇಲೆ ಎಲ್ಲರೆದುರು ಹೇಳಿದೆ. ಸಹದೇವಿಯನ್ನೂ ಆ ಇನ್ನೊಂದು ಗಿಡವನ್ನೂ ಎತ್ತಿ ತೋರಿಸಿ, ಎಲೆ ನೋಡಿ ಬೇರೆ ಮಾಡುವುದನ್ನು ಕಲಿಸಿದೆ. ಕ್ಯಾನುಗಳ ಮಾತು ಬಂದಾಗ ಸಾಹುಕಾರರಿಗೆ ಹೇಳಿದೆ, "ಖಾಲಿ ಕ್ಯಾನು ಹಂಗ ಒಗೀಬ್ಯಾಡ್ರಿ. ತೂತು ಹೊಡದು ಒಗೀರಿ. ತೊಳದ್ರ ಹೋಗಾಂಗಿಲ್ಲ ಅದು."

"ಅಂದ್ರ ತಪ್ಪು ನಂದ ಆತು," ಎಂದರು ಅವರು. ಮುಖ ಕೆಂಪಾಗಿತ್ತು. ಎದ್ದು ನಡೆದರು.

ನಾನು ಯಾರ ಹೆಸರನ್ನೂ ಎತ್ತಿರಲಿಲ್ಲ. ಆದರೆ ಎಲ್ಲರ ಕಣ್ಣೂ ಒಂದೇ ಮನೆಯ ಕಡೆ ತಿರುಗಿದವು. ಬಾಗಿಲಲ್ಲಿ ನಿಂತಿದ್ದ ಅವಳು ಒಳಗೆ ಹೋದಳು.

ಪ್ರಯೋಗಾಲಯದ ಉತ್ತರ ಚಳಿಗಾಲದಲ್ಲಿ ಬಂತು. ಕೀಟನಾಶಕವೇ. ಮಡ್ಡಿಗೆ ಕಳೆನಾಶಕ ಹೊಡೆಯುವ ಮಾತು ಬಿದ್ದುಹೋಯಿತು. ವಸ್ತಿಯಲ್ಲಿ ಕುಡಿಯುವ ನೀರಿಗೆ ಕ್ಯಾನು ಇಡುವುದು ನಿಂತಿತು. ಬಟ್ಟೆ ನೆನೆಹಾಕುವುದು ಕೆಲವರಲ್ಲಿ ಮುಂದುವರಿದಿದೆ. ಸಾಹುಕಾರರ ತೋಟದ ಹಿಂದೆ ತೂತು ಹೊಡೆದ ಕ್ಯಾನುಗಳ ರಾಶಿಯನ್ನು ನಾನೇ ಕಂಡೆ. ಆದರೆ ಆ ಸುಗ್ಗಿಗೆ ಅವರು ವಸ್ತಿಯವರನ್ನು ಕೂಲಿಗೆ ಕರೆಯಲಿಲ್ಲ, ಸೊರಡಿಯ ಕಡೆಯಿಂದ ಆಳು ತರಿಸಿದರು. ನನಗೆ ಎದುರಾದಾಗ ನಮಸ್ಕಾರ ಮಾಡುತ್ತಾರೆ, ನಿಲ್ಲುವುದಿಲ್ಲ.

ಬೇಸಿಗೆ ಶುರುವಾದ ಮೇಲೊಂದು ದಿನ ಜತ್ತದ ಬಸ್ ನಿಲ್ದಾಣದಲ್ಲಿ ಆಡುಗಳ ಒಡತಿ ಕಂಡಳು. ನೋಡಿಯೂ ನೋಡದವಳಂತೆ ಹೋಗುತ್ತಾಳೆಂದುಕೊಂಡೆ. ಅವಳೇ ಹತ್ತಿರ ಬಂದಳು.

"ಬರದದ್ದು ಬರದ್ರಿ, ಅದಕ್ಕ ನಾ ಏನೂ ಅನ್ನಾಂಗಿಲ್ಲ," ಎಂದಳು. "ಮಂದ್ಯಾಗ ಹೇಳೂಕಿಂತ ಮೊದಲ ನನಗೊಬ್ಬಾಕಿಗಿ ಬಂದು ಹೇಳಬೇಕಿತ್ರಿ. ನಾ ಬಾಗಲದಾಗ ನಿಂತ ಕೇಳಿದೆ. ಈಗ ಬಾವಿಗಿ ಹೋದ್ರ, ತಾನ ತೊಳದು ತಾನ ಕೊಂದಾಕಿ ಅಂತಾರ."

ತಪ್ಪಾಯಿತು ಎಂದೆ. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ಬಸ್ಸು ಬರುವ ದಿಕ್ಕು ನೋಡುತ್ತ ನಿಂತಳು.

"ಆಡು ಈದೈತ್ರಿ," ಎಂದಳು. "ಎರಡು ಮರಿ. ಹಾಲು ಚಲೋ ಕೊಡತೈತಿ. ಆದ್ರ ಮಕ್ಕಳಿಗಿ ಹಾಕಾಕ ಧೈರ್ಯ ಆಗವಲ್ದು. ಮರಿ ಕುಡದು ಉಳಿದದ್ದು ಚೆಲ್ಲತೀನಿ. ಕುಡೀಬಹುದೇನ್ರಿ?"

"ಕುಡೀಬಹುದು ಅಕ್ಕಾ. ಅದರ ಮೈಯಾಗ ಈಗ ಏನೂ ಉಳಿದಿಲ್ಲ. ಚೆಲ್ಲಬ್ಯಾಡ್ರಿ."

"ಬರದು ಕೊಡ್ರಿ. ನಾ ಹೇಳಿದ್ರ ಇವರು ನಂಬಾಂಗಿಲ್ಲ."

ಚೀಲದಿಂದ ಪೆನ್ನು, ಔಷಧಿ ಚೀಟಿ ತೆಗೆದು, ಅಭ್ಯಾಸದಂತೆ ಮರಾಠಿಯಲ್ಲಿ ಶುರುಮಾಡಿದೆ. ಅವಳು ಬಗ್ಗಿ ನೋಡಿ, "ಕನ್ನಡದಾಗ ಬರೀರಿ. ಮಗಳು ಕನ್ನಡ ಸಾಲಿಗಿ ಹೋಗತಾಳ, ಓದಿ ಹೇಳತಾಳ," ಎಂದಳು.

ಆ ಚೀಟಿ ಹರಿದು ಬೇರೆಯದು ತೆಗೆದೆ. ಈ ಆಡಿನ ಹಾಲನ್ನು ಮಕ್ಕಳು ಕುಡಿಯಬಹುದು ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ಸಹಿ ಹಾಕಿ ಕೊಟ್ಟೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.